ಅಮಾವಾಸ್ಯೆಯ ಮುಂಗಡ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಸುರಕ್ಷಿತವಾಗಿ ಇರಿಸುವುದು ಹೇಗೆಂದು ಹೇಳಿಕೊಡುವವರೆಲ್ಲ ಫೈಲುಗಳ ಕ್ಷೇಮವನ್ನಷ್ಟೇ ನೋಡುತ್ತಾರೆ. ಮನೆಮಂದಿಯ ವಿಷಯದಲ್ಲಿ ಯಾರೂ ತುಟಿಪಿಟಕ್ಕೆನ್ನುವುದಿಲ್ಲ. ನಾನಿದನ್ನು ಬರೆಯುತ್ತಿರುವಾಗಲೂ ನಮ್ಮ ಅಪ್ಪಯ್ಯ ಜಗಲಿಯಲ್ಲಿ ಕುಳಿತು, ನನಗೆ ಕೇಳಿಸಲೇಬೇಕೆಂಬಷ್ಟು ಗಟ್ಟಿಯಾಗಿ ಅಡಿಕೆ ಕತ್ತರಿಸುತ್ತಿದ್ದಾರೆ.

ಶಿರಸಿಯ ನಮ್ಮ ಮನೆಯ ಕಂಪ್ಯೂಟರು ಹಳೆಯದು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಅದರಲ್ಲಿಲ್ಲ, ವಿಂಡೋಸ್ 10ರ ಬೆಂಬಲವೋ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಪ್ಪಯ್ಯನ ತೋಟದ ಲೆಕ್ಕವೂ, ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ತಾಳಮದ್ದಲೆಯ ಟಿಪ್ಪಣಿಗಳೂ ವಿಂಡೋಸಿನಲ್ಲೇ ಇದ್ದುದರಿಂದ, ಅದಕ್ಕೆ ಇಂಟರ್‌ನೆಟ್ಟಿನ ಸಂಪರ್ಕ ತಪ್ಪಿಸಿ ಲೆಕ್ಕಕ್ಕಷ್ಟೇ ಉಳಿಸಿಕೊಂಡು, ಹೊರಗಿನ ವ್ಯವಹಾರಕ್ಕೆಲ್ಲ ಲಿನಕ್ಸಿನ ಒಂದು ಬಗೆಯಾದ ಉಬುಂಟು ಹಾಕುವುದೆಂದು ತೀರ್ಮಾನಿಸಿದೆ. ಎಲ್ಲವನ್ನೂ ಬೇರೊಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿದೆ, ವಿಂಡೋಸನ್ನು ಪೂರ್ತಿ ಆರಲು ಬಿಡದ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿದೆ, ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟ್ ಬಳಸಿ ಜಾಗ ಬಿಡಿಸಿಕೊಂಡೆ. ಮಳೆಗಾಲದ ಕರೆಂಟನ್ನು ನಂಬಿ ಡಿಸ್ಕನ್ನು ಪಾಲು ಮಾಡುವ ಪಾರ್ಟಿಶನ್ನಿಗೆ ಕೈ ಹಚ್ಚುವ ಧೈರ್ಯ ಈ ಸೀಮೆಯಲ್ಲಿ ಯಾರಿಗೂ ಇಲ್ಲವಾದ್ದರಿಂದ ಇನ್ವರ್ಟರನ್ನೂ ತುಂಬಿಸಿಕೊಂಡೆ. ಒಂದು ಫೈಲೂ ಹೋಗಲಿಲ್ಲ.

ಹೋದದ್ದು ನೆಮ್ಮದಿ. ಕಂಪ್ಯೂಟರು ಶುರುವಾದಾಗ ಯಾವುದು ಬೇಕೆಂದು ಕೇಳುವ ಪಟ್ಟಿಯೊಂದು ಬರುತ್ತದೆ. 10 ಸೆಕೆಂಡಿನೊಳಗೆ ಉತ್ತರ ಸಿಗದಿದ್ದರೆ ಉಬುಂಟುವೇ ತೆರೆದುಕೊಳ್ಳುತ್ತದೆ. ಅಪ್ಪಯ್ಯನ ಪದ್ಧತಿಯೆಂದರೆ, ಸ್ವಿಚ್ ಒತ್ತಿ, ಅದು ಏಳುವಷ್ಟರಲ್ಲಿ ಒಂದು ಕವಳ ಹಾಕಿ ಬರುವುದು. ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಸುಣ್ಣ ಸವರುವ ಕೆಲಸವನ್ನು 10 ಸೆಕೆಂಡಿನಲ್ಲಿ ಮುಗಿಸಿದ ಹವ್ಯಕ ಇನ್ನೂ ಹುಟ್ಟಿಲ್ಲ. ಅವರು ಮರಳುವಾಗ ಪರದೆಯ ಮೇಲೆ ಉಬುಂಟು ಇರುತ್ತದೆ. ಬಾಯಿ ತುಂಬಿರುವುದರಿಂದ ಬೈಯಲಾಗದೆ ಅವರು ಗೋಡೆಯ ಸ್ವಿಚ್ಚನ್ನೇ ಆರಿಸಿ, ಮತ್ತೆ ಹಾಕಿ, ಉಗಿಯಲು ಅಂಗಳಕ್ಕೆ ಹೋಗುತ್ತಾರೆ. ಅಷ್ಟರಲ್ಲಿ ಇನ್ನೊಂದು 10 ಸೆಕೆಂಡು ಕಳೆದಿರುತ್ತದೆ.

ಆದರೆ ನಿಜವಾದ ರಂಪವೆದ್ದದ್ದು ಗಡಿಯಾರದಿಂದ. ಕಂಪ್ಯೂಟರಿನೊಳಗಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯವೆಂದು ವಿಂಡೋಸ್ ನಂಬುತ್ತದೆ, ಜಾಗತಿಕ ಸಮಯವೆಂದು ಲಿನಕ್ಸ್ ನಂಬುತ್ತದೆ, ಮತ್ತು ಇವೆರಡರ ನಡುವಿನ ಅಂತರ ನಮ್ಮ ದೇಶದಲ್ಲಿ ಐದೂವರೆ ತಾಸು. ಇಂಟರ್‌ನೆಟ್ ಇದ್ದಿದ್ದರೆ ವಿಂಡೋಸ್ ಹೇಗೋ ತನ್ನನ್ನು ತಿದ್ದಿಕೊಳ್ಳುತ್ತಿತ್ತು. ಸುರಕ್ಷತೆಯ ಹೆಸರಿನಲ್ಲಿ ಆ ದಾರಿ ಮುಚ್ಚಿತ್ತಲ್ಲ! ಹೀಗಾಗಿ ಬೆಳಗಿನ ಜಾವ ಐದಕ್ಕೆ ಲೆಕ್ಕ ಬರೆಯಲು ಕೂರುವ ಅಪ್ಪಯ್ಯನಿಗೆ ಹಿಂದಿನ ರಾತ್ರಿಯ ಹನ್ನೊಂದೂವರೆ ಕಾಣಿಸುತ್ತಿತ್ತು. ಅವರು ಗೋಡೆ ಗಡಿಯಾರ ನೋಡಿ ಅದನ್ನು ಶ್ರದ್ಧೆಯಿಂದ ಸರಿಪಡಿಸುತ್ತಿದ್ದರು. ರಾತ್ರಿ ನಾನು ಉಬುಂಟು ತೆರೆದೊಡನೆ ಅದು ಇಂಟರ್‌ನೆಟ್ಟಿನಿಂದ ಸಮಯ ತಂದು, ಅವರ ತಿದ್ದುಪಡಿಯನ್ನು ಅಷ್ಟೇ ಶ್ರದ್ಧೆಯಿಂದ ಅಳಿಸುತ್ತಿತ್ತು. ನಾನು ಬೇಕೆಂದೇ ಮುಳ್ಳು ತಿರುಗಿಸುತ್ತಿದ್ದೇನೆಂದು ಅವರು ಆಯಿಯ ಬಳಿ ದೂರಿದ್ದರಂತೆ.

ಇವತ್ತು ಅವರು ಸಮಯ ನೋಡಲು ಮರೆತರು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಕೊಟ್ಟ ಮುಂಗಡ ನಿನ್ನೆಯ ದಿನಾಂಕಕ್ಕೆ ಸೇರಿತು, ನಿನ್ನೆ ಅಮಾವಾಸ್ಯೆ.

“ಮಾಣಿ, ಅಮಾಸೆ ದಿನ ಆನು ಯಾರಿಗಾದ್ರೂ ದುಡ್ಡು ಕೊಟ್ಟಿದ್ದು ಇದ್ದಾ?”

ಇಲ್ಲ. ಅಜ್ಜನೂ ಕೊಟ್ಟವರಲ್ಲ. ಮಾಳಿಗೆಯಲ್ಲಿರುವ ಅಜ್ಜನ ಖಾತೆ ಪುಸ್ತಕವನ್ನು ಅಪ್ಪಯ್ಯ ಸಾಕ್ಷಿಗೆಂದು ಇಳಿಸಿ ತಂದರು. ಅದರಲ್ಲಿ ತಿಥಿಯಿದೆ, ಹೆಸರಿದೆ, ಅಂಚಿನಲ್ಲಿ ‘ಇಂದು ಮಳೆ ಜೋರು’ ಎಂಬ ಬರಹವೂ ಇದೆ. ಎಷ್ಟು ಗಂಟೆಗೆ ಬರೆದದ್ದೆಂದು ಎಲ್ಲಿಯೂ ಇಲ್ಲ. ಇಬ್ಬರೂ ಸ್ವಲ್ಪ ಹೊತ್ತು ಜಗಳ ಮರೆತು ಪುಟ ತಿರುವಿದೆವು.

ಆಮೇಲೆ ಲಿನಕ್ಸಿಗೇ ಸ್ಥಳೀಯ ಸಮಯ ಇಟ್ಟುಕೊಳ್ಳುವಂತೆ ಆದೇಶ ಕೊಟ್ಟೆ. ಇದು ಸರಿಯಾದ ಕ್ರಮವಲ್ಲವೆಂದು ಒಂದು ಎಚ್ಚರಿಕೆಯನ್ನು ಮುಖಕ್ಕೆ ಹಿಡಿದು ಅದು ಒಪ್ಪಿಕೊಂಡಿತು. ಬೇಸಿಗೆಗೊಮ್ಮೆ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ದೇಶಗಳಲ್ಲಿ ಅದರ ಅಂಜಿಕೆಗೆ ಅರ್ಥವಿದೆ, ಇಲ್ಲಿಲ್ಲ. ಪಟ್ಟಿಯ 10 ಸೆಕೆಂಡಿನ ಗಡುವನ್ನೂ ತೆಗೆದುಹಾಕಿದ್ದೇನೆ. ಕವಳ ಮುಗಿಯುವವರೆಗೂ ಅದು ಕಾಯುತ್ತದೆ. ಸಂಜೆ ಬೆಂಗಳೂರಿನ ಅಕ್ಕನೊಡನೆ ವಿಡಿಯೋದಲ್ಲಿ ಮಾತಾಡಲು ಕಂಪ್ಯೂಟರು ಹಾಕಿದ ಆಯಿ, ಎಷ್ಟು ಹೊತ್ತಾದರೂ ಅಲುಗದ ಆ ಪಟ್ಟಿಯ ಎದುರು ಕುಳಿತು, ಅಕ್ಕನ ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಎದ್ದು ಹೋಗಿದ್ದಾಳೆ.