ಮನೆಗೆ ಬರುವುದಕ್ಕೂ ಒಂದು ದರಪಟ್ಟಿ

ಅರವತ್ತಕ್ಕೆ ಅರಳುಮರಳು ಎಂಬ ಮಾತು ಮನುಷ್ಯರಿಗಷ್ಟೇ ಅಲ್ಲ, ಹೆದ್ದಾರಿಗೂ ಅನ್ವಯ. 2008ರ ಶುಲ್ಕ ನಿಯಮದಲ್ಲಿ ಒಂದೇ ದಿಕ್ಕಿನಲ್ಲಿ ಒಂದು ಟೋಲಿನಿಂದ ಇನ್ನೊಂದಕ್ಕೆ ಅರವತ್ತು ಕಿಲೋಮೀಟರ್ ಇರಬೇಕೆಂದು ಬರೆದಿದೆ. ಅರವತ್ತರೊಳಗೆ ಇರುವುದನ್ನೆಲ್ಲ ಮೂರು ತಿಂಗಳಲ್ಲಿ ಮುಚ್ಚಿಸುತ್ತೇವೆ ಎಂದು ಹೆದ್ದಾರಿ ಸಚಿವ ಗಡ್ಕರಿಯವರು 2022ರ ಮಾರ್ಚಿನಲ್ಲಿ ಲೋಕಸಭೆಯಲ್ಲೇ ಹೇಳಿದ್ದರು. ನಮ್ಮ ಮಂಗಳೂರು-ಕಾಸರಗೋಡು ಹೆದ್ದಾರಿಯಲ್ಲಿ ಗಡಿಯ ತಲಪಾಡಿ ಟೋಲಿನಿಂದ ಕುಂಬಳೆಯ ಆರಿಕ್ಕಾಡಿಯಲ್ಲಿ ಎದ್ದ ಹೊಸ ಟೋಲಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಬಾಕಿಯದ್ದು ಎಲ್ಲಿ ಹೋಯಿತು ಮಾರಾಯ್ರೇ ಎಂದು ಕೇಳುವವರು ನಿಯಮವನ್ನು ಪೂರ್ತಿ ಓದಿಲ್ಲ ಎಂದರ್ಥ. ಕಾರಣವನ್ನು ಲಿಖಿತವಾಗಿ ದಾಖಲಿಸಿದರೆ ಹತ್ತಿರದಲ್ಲೂ ಕಟ್ಟಬಹುದು ಎಂದು ಕೆಳಗೇ ಉಂಟು. ಕಾರಣ ಸರಿಯಿರಬೇಕೆಂದಿಲ್ಲ, ಬರೆದಿದ್ದರಾಯಿತು.

ಇಲ್ಲಿ ಬರೆದ ಕಾರಣವೂ ಚಂದವೇ. ಕಾಸರಗೋಡು ದಾಟಿ ಚೆಂಗಳದಿಂದಾಚೆಯ ಹೆದ್ದಾರಿಯ ಎರಡನೇ ಹಂತದ ಕೆಲಸ ಮುಗಿದಿಲ್ಲ, ಆ ಬದಿಯ ಚಾಲಿಂಗಾಲಿನಲ್ಲಿ ಏಳಬೇಕಾದ ಟೋಲ್ ಎದ್ದಿಲ್ಲ, ಆದ್ದರಿಂದ ಕುಂಬಳೆಯಲ್ಲಿ ತಾತ್ಕಾಲಿಕ. ಪಾಯಸ ಇನ್ನೂ ಬೆಂದಿಲ್ಲ, ಹಾಗಾಗಿ ಸಾರಿಗೇ ಎರಡು ಸಲ ಲೆಕ್ಕ ಎಂದ ಹಾಗೆ. ತಾತ್ಕಾಲಿಕ ಎಂದರೆ ನಮ್ಮೂರಲ್ಲಿ ಎಷ್ಟು ಕಾಲ ಎಂಬುದನ್ನು ಸೋಗೆ ಹೊದೆಸಿದ ಯಾವ ಬಸ್‌ಸ್ಟ್ಯಾಂಡಾದರೂ ಹೇಳೀತು. ಇದರ ವಿರುದ್ಧ ಪ್ರತಿಭಟನೆ, ಕೋರ್ಟು, ಪೊಲೀಸು ಎಲ್ಲ ಆಯಿತು, ಬಿಡಿ.

ಬೆಳಿಗ್ಗೆ ಅಡಕೆಯ ಲೆಕ್ಕಕ್ಕೋ ಅಂಗಡಿಯ ಸಾಮಾನಿಗೋ ಮಂಗಳೂರಿಗೆ ಹೋಗಿ ಮರಳುವವರಿಗೆ ಒಂದು ಸೌಲಭ್ಯ ಇದೆ. ಇಪ್ಪತ್ತನಾಲ್ಕು ಗಂಟೆಯೊಳಗೆ ವಾಪಸಾದರೆ ಎರಡೂ ಸೇರಿ ಒಂದೂವರೆ ಪಾಲು, ಅಂದರೆ ಬರುವಾಗ ಅರ್ಧ ಮಾತ್ರ. ಆದರೆ ಗಡಿಯಾರ ಪ್ರತಿ ಟೋಲಿಗೂ ಬೇರೆ. ಹೋಗುವಾಗ ಮೊದಲು ಸಿಗುವುದು ಕುಂಬಳೆ, ಬರುವಾಗ ಅದೇ ಕೊನೆ. ಇವತ್ತು ಎಂಟಕ್ಕೆ ಕುಂಬಳೆ, ಎಂಟೂವರೆಗೆ ತಲಪಾಡಿ ದಾಟಿದವರು ನಾಳೆ ಏಳೂ ಮುಕ್ಕಾಲಕ್ಕೆ ತಲಪಾಡಿಗೆ ಬಂದರೆ ಅಲ್ಲಿ ಅರ್ಧ. ಕುಂಬಳೆ ಮುಟ್ಟುವಾಗ ಎಂಟು ಹತ್ತು, ಅಲ್ಲಿ ಪೂರ್ತಿ. ಮಂಗಳೂರಿನ ಕಚೇರಿಯಲ್ಲಿ ಗುಮಾಸ್ತರು ‘ನಾಳೆ ಬನ್ನಿ’ ಎಂದರೆ ಅದರ ಬೆಲೆಯನ್ನು ಈಗ ರೂಪಾಯಿಯಲ್ಲೇ ಹೇಳಬಹುದು.

ಇನ್ನು ಫಾಸ್ಟ್ಯಾಗ್. ಸ್ಟಿಕ್ಕರನ್ನು ಗಾಜಿನ ಒಳಬದಿಯಲ್ಲಿ, ಕನ್ನಡಿಯ ಹಿಂದೆ, ನಡುವಿಗೆ ಅಂಟಿಸಬೇಕು. ಲೋಹದ ಅಂಶವಿರುವ ಸನ್‌ಫಿಲ್ಮ್ ಇದ್ದರೆ ಮೇಲಿನ ಯಂತ್ರ ಓದುವುದಿಲ್ಲ. ರೀಚಾರ್ಜನ್ನು ಮನೆಯಲ್ಲೇ ಮುಗಿಸಿ ಹೊರಡಿ. ಸಾಲಿನಲ್ಲಿ ನಿಂತು ಹಾಕಿದರೆ ದುಡ್ಡು ಮೊಬೈಲಿನಿಂದ ಹೋಗುತ್ತದೆ, ಹೋದ ಸುದ್ದಿ ಗೇಟಿಗೆ ಮುಟ್ಟುವಾಗ ಹೊತ್ತಾಗಿರುತ್ತದೆ. 2025ರ ನವೆಂಬರ್ 15ರಿಂದ ಟ್ಯಾಗ್ ಕೈಕೊಟ್ಟರೆ ನಗದಿಗೆ ಎರಡು ಪಟ್ಟು, ಯುಪಿಐಗೆ ಒಂದೂಕಾಲು ಪಟ್ಟು ಎಂದು ನಿಯಮ ತಂದರು. ಯಂತ್ರ ಓದದಿದ್ದಾಗ ಹುಡುಗನೊಬ್ಬ ಕೈಯಂತ್ರ ಹಿಡಿದು ಬಂದು ‘ಕುರಚ್ಚ್ ಪುರಗೋಟ್’ ಎನ್ನುತ್ತಾನೆ. ಹಿಂದೆ ತೆಗೆಯೋಣ ಎಂದರೆ ಬಂಪರಿಗೆ ಮೂಗು ತಾಗಿಸಿ ಕೆಂಪುಕಲ್ಲಿನ ಲಾರಿ ನಿಂತಿರುತ್ತದೆ. ಅದರ ಹಿಂದೆ ಮೀನಿನ ಗಾಡಿ. ಸಾಲು ನೂರು ಮೀಟರಿನ ಹಳದಿ ಗೆರೆ ದಾಟಿದರೆ ಬಿಟ್ಟಿಯಾಗಿ ಬಿಡಬೇಕೆಂದು 2021ರಲ್ಲಿ ಒಂದು ಆದೇಶ ಬಂದಿತ್ತು, 2024ರಲ್ಲಿ ಅದನ್ನು ಹಿಂತೆಗೆದರು. ಸಾಲು ಗಿಡ್ಡವಾಗಲಿಲ್ಲ, ಆದೇಶ ಗಿಡ್ಡವಾಯಿತು.

ಕೆಲವರಿಗೆ ತಲಪಾಡಿಯ ಪೆಟ್ರೋಲೇ ಸಮಾಧಾನ. ಆಚೆ ಕರ್ನಾಟಕದ ಬದಿಯಲ್ಲಿ ಲೀಟರಿಗೆ ಹೆಚ್ಚುಕಡಿಮೆ ನಾಲ್ಕು ರೂಪಾಯಿ ಅಗ್ಗ. ಕೇರಳದಲ್ಲಿ 2023ರ ಏಪ್ರಿಲ್‌ನಿಂದ ಸಾಮಾಜಿಕ ಭದ್ರತೆಯ ಸೆಸ್ಸೇ ಎರಡು ರೂಪಾಯಿ. ಇಪ್ಪತ್ತೈದು ಲೀಟರ್ ತುಂಬಿಸಿ ನೂರು ರೂಪಾಯಿ ಉಳಿಸಿದೆ ಎಂದು ಮೀಸೆ ತಿರುವುವಾಗಲೇ ಮೊಬೈಲ್ ಟಿಣ್ ಎನ್ನುತ್ತದೆ.

ಗಡಿ ದಾಟಿದ ಮೇಲೆ ಫಲಕಗಳು. ಊರಿನ ಹೆಸರು ಬದಲಾಯಿಸುತ್ತಾರಂತೆ ಎಂದು 2021ರಲ್ಲಿ ಗಲಾಟೆಯಾದಾಗ ಅಂಥ ತೀರ್ಮಾನವೇ ಇಲ್ಲ ಎಂದು ಕೇರಳ ಸರ್ಕಾರದವರು ಹೇಳಿದರು. ನಿಜವಿರಬೇಕು. ಯಾರೂ ತೀರ್ಮಾನಿಸದೆಯೇ ಮಂಜೇಶ್ವರ ಹಣೆಗೆ ಬೊಟ್ಟಿಟ್ಟುಕೊಂಡಂತೆ ಕೊನೆಗೊಂದು ಸೊನ್ನೆ ಇಟ್ಟುಕೊಂಡು ‘ಮಂಜೇಶ್ವರಂ’ ಆಗಿದೆ. ಸೊನ್ನೆ ಸೇರಿಸುವ ವಿದ್ಯೆಯಲ್ಲಿ ಫಲಕದವರು ಟೋಲಿನವರಿಗಿಂತ ಹಿರಿಯರು. ಹೊಸದುರ್ಗ ‘ಪುದಿಯಕೋಟ’ವಾದದ್ದಂತೂ ಶುದ್ಧ ಭಾಷಾಂತರ. ಗೋವಿಂದ ಪೈಗಳಿಗೆ ಇಪ್ಪತ್ತಕ್ಕೂ ಹೆಚ್ಚು ಭಾಷೆ ಬರುತ್ತಿತ್ತು, ಅವರಾದರೂ ಊರನ್ನು ಅನುವಾದಿಸಲು ಹೋಗಿರಲಿಲ್ಲ.

ಫಲಕ ಓದುತ್ತ ಕೂತರೆ ಇಳಿಯುವ ಬಾಯಿ ತಪ್ಪುತ್ತದೆ. ಮನೆ ಕಡಲ ಬದಿಯದ್ದಾದರೆ, ಅಂದರೆ ಬರುವಾಗ ಬಲಗಡೆ, ಮೊದಲು ಎಡಕ್ಕೆ ಸರ್ವೀಸ್ ರಸ್ತೆಗೆ ಇಳಿದು ಆಮೇಲೆ ಅಂಡರ್‌ಪಾಸಿನಲ್ಲಿ ನುಗ್ಗಬೇಕು. ತಪ್ಪಿದರೆ ಮುಂದಿನ ಪೇಟೆಯವರೆಗೆ ಹೋಗಿಯೇ ಹಿಂದೆ ತಿರುಗಬೇಕು. ಮನೆಯ ತೆಂಗಿನಮರ ಕಿಟಕಿಯಲ್ಲಿ ಕಾಣುತ್ತ ಹಿಂದಕ್ಕೆ ಸರಿಯುತ್ತದೆ. ಇಳಿದವರಿಗೆ ಎದುರಿನಿಂದ ಆಟೋ, ಮುಂದೆ ಬಸ್ಸು. ಬಸ್ಸು ನಿಂತರೆ ಇಡೀ ರಸ್ತೆಯೇ ನಿಂತಿತು, ಯಾಕೆಂದರೆ ಅದಕ್ಕೆ ಬದಿಗೆ ಸರಿಯಲು ಜಾಗ ಬಿಟ್ಟಿಲ್ಲ. ಟೋಲ್ ಮೇಲಿನ ಆರು ಪಥಕ್ಕೆ, ಊರವರ ಓಡಾಟ ಕೆಳಗಿನ ಒಂದೂವರೆ ಪಥದಲ್ಲಿ.

ನಗಾಡಿದ್ದು ಸಾಕು. ಈ ದಾರಿಯಲ್ಲಿ ಹೆಚ್ಚಿನವರು ಮೋಜಿಗೆ ಹೋಗುವುದಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ಎಂಬಿಬಿಎಸ್ ತರಗತಿ ಶುರುವಾದದ್ದು 2025ರಲ್ಲಿ. ಅಷ್ಟೂ ವರ್ಷ ಜಿಲ್ಲೆಯ ರೋಗಿಗಳಿಗೆ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ಕರ್ನಾಟಕದ ಕಡೆಯವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಆಸ್ಪತ್ರೆ ಮುಟ್ಟಲಾಗದೆ ಜನ ಸತ್ತಿದ್ದಾರೆ. ಅದನ್ನು ಎರಡೂ ಸರ್ಕಾರಗಳು ಮರೆತಿವೆ. ಆಂಬುಲೆನ್ಸಿಗೆ ಟೋಲ್ ಇಲ್ಲ, ಸರಿ. ಆದರೆ ಡಯಾಲಿಸಿಸಿಗೆ ವಾರಕ್ಕೆ ಎರಡು ಮೂರು ಸಲ ಹೋಗುವವರು ಆಂಬುಲೆನ್ಸಿನಲ್ಲಿ ಹೋಗುತ್ತಾರೆಯೇ? ಬಾಡಿಗೆ ಕಾರಿನಲ್ಲಿ ಹೋಗುತ್ತಾರೆ. ಮೂರು ಸಾವಿರ ಚಿಲ್ಲರೆಯ ಫಾಸ್ಟ್ಯಾಗ್ ವಾರ್ಷಿಕ ಪಾಸು ಹಳದಿ ಬೋರ್ಡಿಗೆ ಸಿಗುವುದಿಲ್ಲ. ಸುಸ್ತಾಗಿ ಹಿಂದಿನ ಸೀಟಿನಲ್ಲಿ ಒರಗಿದವನ ಲೆಕ್ಕಕ್ಕೆ ಎರಡು ಟೋಲ್ ಬರೆಯುವುದಕ್ಕೆ ಯಾವ ಲಿಖಿತ ಕಾರಣ ಬೇಕು?

ಬಿಳಿ ಬೋರ್ಡಿನವರಿಗಾದರೂ ಆ ಪಾಸು ಲಾಭವೇ ಎಂದರೆ ಲೆಕ್ಕ ಹಾಕಿ. ಇನ್ನೂರು ದಾಟುವಿಕೆ. ಎರಡು ಟೋಲ್, ಹೋಗಿ ಬಂದರೆ ನಾಲ್ಕು. ಮಂಗಳೂರಿಗೆ ಐವತ್ತು ಸಲವಾಯಿತು. ವರ್ಷಕ್ಕೆ ಐವತ್ತೆರಡು ವಾರ. ಕೊನೆಯ ಎರಡು ವಾರ ಮನೆಯಲ್ಲೇ ಕೂತು ಪತ್ರೊಡೆ ತಿನ್ನಬಹುದು.

ಹಾಗೆ ಕೂತಾಗಲೂ ಮೊಬೈಲನ್ನು ದೂರ ಇಡಬೇಡಿ. ಅಂಗಳದಲ್ಲಿ ನಿಂತ ಕಾರಿನ ಲೆಕ್ಕದಿಂದಲೂ ಟೋಲ್ ಕಡಿತವಾಗುವುದುಂಟು. ಆಗ 1033ಕ್ಕೆ ಕರೆ ಮಾಡಿ, ಟ್ಯಾಗ್ ಕೊಟ್ಟ ಬ್ಯಾಂಕಿಗೂ ಬರೆಯಿರಿ. ತಾರೀಕು, ಗಂಟೆ, ಟೋಲಿನ ಹೆಸರು ಬೇಕು. ಕಾರು ಆಗ ಎಲ್ಲಿತ್ತು ಎಂಬುದಕ್ಕೆ ಸಾಕ್ಷಿ ಇದ್ದರೆ ಒಳ್ಳೆಯದು. ಹಲಸಿನ ಮರದಡಿ ಬಾನೆಟ್ ತುಂಬ ಎಲೆ ಉದುರಿಸಿಕೊಂಡು ನಿಂತ ಫೋಟೋ ಒಂದಿರಲಿ.