ಹೊಲದು ಬಿಚ್ಚೋ ದೋಣಿ

ಮೊನ್ನೆ ನಮ್ಮ ಸೋದರಮಾವ ಮದುವಿ ಕಾರ್ಡ್ ಕೊಡ್ಲಾಕ ಬಂದಿದ್ರು. ಚಾ ಕುಡದು ಮಾಳಗಿ ಮ್ಯಾಲ ಬಂದು, ನಾ ಸ್ವತಃ ಕಟ್ಲತ್ತಿದ್ದ, ಬೋರಲು ಹಾಕಿದ ದೋಣಿ ಸುತ್ತ ಒಂದು ಪ್ರದಕ್ಷಿಣಿ ಹಾಕಿ, ಕಲ್ಲಂಗಡಿ ಹಣ್ಣು ನೋಡಿದಂಗ ಎರಡು ಸಲ ಬಡದು ನೋಡಿ, ಕಡೀಕ ಕೇಳಿದ್ದು ಅದೇ. "ಅಳಿಯಾ, ಇದನ್ನ ಎಲ್ಲಿ ಬಿಡ್ತಿ?"

ಇದು ಹನ್ನೆರಡನೇ ಸಲ, ಲೆಕ್ಕ ಇಟ್ಟೀನಿ. ಹನ್ನೆರಡರಾಗ ಒಬ್ಬವ ಗ್ಯಾಸ್ ಸಿಲಿಂಡರ್ ಕೊಡ್ಲಾಕ ಬಂದಾವ. ಮಾಮಾನ ಮನ್ಯಾಗ ಇಪ್ಪತ್ತು ವರ್ಷದಿಂದ ಶೋಕೇಸಿನಾಗ ಒಂದು ಡಿನ್ನರ್ ಸೆಟ್ ಕುಂತದ, "ಮಾಮಾ ಇದರಾಗ ಯಾವಾಗ ಉಣ್ತೀರಿ" ಅಂತ ನಾ ಎಂದಾದ್ರೂ ಕೇಳೀನೇನು?

ಖರೇ ಹೇಳಬೇಕಂದ್ರ ಅವರದೂ ತಪ್ಪಿಲ್ಲ. ನಮ್ಮ ಕಡಿ ದೋಣಿ ಅಂದ್ರ ಆಟದ ಸಾಮಾನಲ್ಲ, ದಾಟೋ ಸಾಮಾನು. ಆಕಡಿ ಕೃಷ್ಣಾದಾಗ ನೀಲಕಂಠರಾಯನ ಗಡ್ಡಿ ಮಂದಿನ್ನ ಕೇಳ್ರಿ, ನಾರಾಯಣಪುರ ಡ್ಯಾಮಿಂದ ನೀರು ಬಿಟ್ರ ದಾರಿ ಕಟ್ಟಾಗಿ ನಡುಗಡ್ಡಿಯಾಗೇ ಕುಂಡ್ರತಿದ್ರು. ಮಾಮಾ ಸ್ವತಃ ಭೀಮಾ ದಂಡಿ ಊರಿನವರು, ಹರಗೋಲಿನಾಗ ದಾಟಿ ಸಾಲಿಗೆ ಹೋದವರು. ಬಿದಿರು ಹೆಣದು, ಮೊದಲ ಚರ್ಮ, ಈಗ ಪ್ಲಾಸ್ಟಿಕ್ ಹಾಳಿ ಹೊದಿಸಿ ಡಾಂಬರ್ ಬಡದ ದುಂಡಾನ ಬುಟ್ಟಿ ಅದು. "ಹರಗೋಲಿಗೆ ಹಿಂದ ಮುಂದ ಇಲ್ಲೋ, ಹೆಂಗ ತಿರಗಿದ್ರೂ ಮುಂದೇ" ಅಂತ ನನ್ನ ದೋಣಿಯ ಮೂತಿ ನೋಡಿ ಬ್ಯಾಸರ ಮಾಡ್ಕೊಂಡ್ರು.

ನಾ ಹಿಡದಿದ್ದು ಇಂಗ್ಲೆಂಡಿನ ಮಿರರ್ ಡಿಂಗಿ ಅನ್ನೋ ಸಣ್ಣ ದೋಣಿಯ ದಾರಿ, ಪ್ಲೈವುಡ್ ತುಂಡು ತಂತಿಲೆ ಹೊಲದು ಅಂಟಸೋದು. 1960ರ ದಶಕದ ಶುರುವಿನಾಗ ಜ್ಯಾಕ್ ಹೋಲ್ಟ್ ಅನ್ನೋ ದೋಣಿ ಡಿಸೈನರ್ರೂ, ಬ್ಯಾರಿ ಬಕ್ನೆಲ್ ಅಂತ ಟಿವಿಯಾಗ ಮನಿ ರಿಪೇರಿ ಕಲಸೋ ಮನುಷ್ಯಾನೂ ಕೂಡಿ ಮಾಡಿದ್ದು, ಡೈಲಿ ಮಿರರ್ ಪೇಪರಿನವರು ಬೆನ್ನಿಗಿದ್ರು, ಅದಕ್ಕೇ ಆ ಹೆಸರು. 10 ಅಡಿ 10 ಇಂಚು, ಹುಟ್ಟೂ ಹಾಕಬಹುದು, ಕೆಂಪು ಹಾಯಿನೂ ಏರಸಬಹುದು, ಇಲ್ಲಿತನ 70 ಸಾವಿರಕ್ಕೂ ಹೆಚ್ಚು ಆಗ್ಯಾವ. ನಂದು ಅದರ ಸಣ್ಣ ತಮ್ಮ, 8 ಅಡಿ, 6 ಎಂಎಂ ಮರೀನ್ ಪ್ಲೈ, ಅಂದ್ರ ನೀರು ತಡಿಯೋ ಪ್ಲೈವುಡ್, ಎರಡು ಶೀಟು.

ಪ್ಲೈ ಕೊಯ್ದು, ಅಂಚಿಗೆ ತೂತು ಹೊಡದು, ತಾಮ್ರದ ತಂತಿಲೆ ಹೊಲಿಲಾಕ ಕುಂತಿದ್ದೆ. ಅವ್ವ ಸಂಡಿಗಿ ಹಾಕ್ಲಾಕ ಅಂತ ಮ್ಯಾಲ ಬಂದಾಕಿ ನಿಂತು ನೋಡಿದ್ಲು. ನಮ್ಮವ್ವನ ಕೌದಿ ಅಂದ್ರ ಓಣ್ಯಾಗ ಹೆಸರು. ಹಳೀ ಸೀರಿ ಪದರ ಪದರ ಹಾಸಿ ಅಂಚಿನಿಂದ ನಡಕ್ಕ ಹೊಲಕೋತ ಬರ್ತಾಳ, ಹೊಲಿಗಿ ಅಕ್ಕಿಕಾಳಿನಷ್ಟ ಇರಬೇಕು, ಸಾಲು ತಪ್ಪಿದ್ರ ರಾತ್ರಿ ನಿದ್ದಿ ಬರಂಗಿಲ್ಲ ಆಕಿಗೆ.

"ಇದೇನ್ ಹೊಲಿಗ್ಯೋ, ಜ್ವಾಳದ ಚೀಲಕ್ಕ ಹಾಕಿದಂಗ?"

"ಅವ್ವಾ ಇವು ಇರಂಗಿಲ್ಲ, ಸಂದಿಗೆ ಎಪಾಕ್ಸಿ ಅಂಟು ತುಂಬಿ ಅದು ಗಟ್ಟಿ ಆದ್ಮ್ಯಾಲ ತಂತಿ ಎಲ್ಲಾ ಕತ್ತರಿಸಿ ತಗೀತೀನಿ."

"ಹೊಲದು ಮತ್ತ ಬಿಚ್ಚೋದಾ?"

ಸಂಡಿಗಿ ಹಿಟ್ಟು ಅಲ್ಲೇ ಇಟ್ಟು ಕುಂತೇ ಬಿಟ್ಲು. ಹೊಸದಾಗಿ ಮದುವಿ ಆಗಿ ಬಂದಾಗ ನಮ್ಮಜ್ಜಿ ಆಕಿ ಕಡಿಂದ ಒಂದು ಕೌದಿ ಮೂರು ಸಲ ಬಿಚ್ಚಿಸಿದ್ರಂತ, ಮೂರನೇ ಸಲ ಅಳಕೋತ ಬಿಚ್ಚಿದ್ಲಂತ, ಯಾಕ ಅಂತ ಅಜ್ಜಿ ಕಡೀತನಾ ಹೇಳಲಿಲ್ಲಂತ. ಹಂಗ ಅಂತ ಹೇಳ್ಕೋತನೇ ನನ್ನ ಕೈಯಿಂದ ಇಕ್ಕಳ ಕಸಕೊಂಡ್ಲು. ಒಂದು ಇಡೀ ಮಗ್ಗಲು ಆಕಿನೇ ಹೊಲದಾಳ ನೋಡ್ರಿ, ತೂತು ಸೈತ ತಾನೇ ಹೊಡಸಿದ್ಲು, ಬೆರಳಿಲೆ ಅಳತಿ ಮಾಡಿ, ತಂತಿ ತುದಿ ಎಲ್ಲಾ ಒಂದೇ ಉದ್ದ, ಒಂದೇ ಕಡಿ ತಿರುವು. ಈಗ ತಂತಿ ಇಲ್ಲ, ಎಪಾಕ್ಸಿ ತುಂಬಿದ ತೂತಿನ ಚುಕ್ಕಿ ಅಷ್ಟೇ ಅವ. ಅವ್ವನ ಮಗ್ಗಲದ ಚುಕ್ಕಿ ರಂಗೋಲಿ ಇಟ್ಟಂಗ ಕುಂತಾವ, ನನ್ನ ಮಗ್ಗಲು ಮೈಲಿ ಎದ್ದಂಗ ಕಾಣಸ್ತದ. ಪೇಂಟ್ ಹಚ್ಚಿದ್ರ ಮುಚ್ಚಿ ಹೋಗ್ತದ, ಆದ್ರ ಅವ್ವ ಬಂದಾವ್ರಿಗೆಲ್ಲಾ ಎರಡೂ ಮಗ್ಗಲು ತೋರಸ್ತಾಳ, ಅದಕ್ಕ ಪೇಂಟ್ ಹಚ್ಚಗೊಡವಲ್ಲಳು.

ಎಪಾಕ್ಸಿದು ಬ್ಯಾರೇನೇ ಕತಿ. ಡಬ್ಬಿ ಮ್ಯಾಲ ಕಲಸಿದ ಮ್ಯಾಲ ಗಟ್ಟಿ ಆಗೋದ್ರಾಗ ಹಚ್ಲಾಕ 25 ಡಿಗ್ರಿಗೆ ಅರ್ಧ ತಾಸು ಟೈಮ್ ಅಂತ ಬರದಿತ್ತು, ನಮ್ಮ ಮೇ ತಿಂಗಳು 42. ಒಂದು ಬಟ್ಟಲಾ ತುಂಬ ಕಲಸಿ ಬ್ರಶ್ ಹುಡುಕೋದ್ರಾಗ ಬಟ್ಟಲದಾಗೇ ಹೊಗಿ ಎದ್ದು ಕಲ್ಲಾಗಿ ಹೋಯ್ತು. ಆಮ್ಯಾಲಿಂದ ನಸುಕಿನ್ಯಾಗ ಎದ್ದು, ಸ್ವಲ್ಪ ಸ್ವಲ್ಪ ಕಲಸಿ, ಅಗಲ ತಾಟಿನಾಗ ಹರವಿ ಹಚ್ಚಿದೆ, ಹಂಗ ಹರವಿದ್ರ ಕಾವು ಕೂಡಂಗಿಲ್ಲ. ತಾಟು ಯಾರದು ಅಂತ ಕೇಳಬ್ಯಾಡ್ರಿ, ಮನ್ಯಾಗ ಇನ್ನೂ ಹುಡುಕ್ಲತ್ತಾರ.

ಹುಟ್ಟು ಎರಡೂ ರೆಡಿ ಅವ, ಒಂದು ವಾರ ಉಜ್ಜಿ ಉಜ್ಜಿ ನುಣ್ಣಗ ಮಾಡೀನಿ, ವಾರ್ನಿಶ್ ಅಷ್ಟೇ ಬಾಕಿ. ಇವತ್ತ ಹಚ್ಚೋಣು ಅಂತ ಮಾಳಗಿಗೆ ಹೋಗಿ ನೋಡ್ತೀನಿ, ಎರಡು ಕುರ್ಚಿ ನಡುವ ಹುಟ್ಟು ಅಡ್ಡ ಇಟ್ಟು ಅವ್ವ ಅದರ ಮ್ಯಾಲ ಶಾವಗಿ ಇಳಿಬಿಟ್ಟಾಳ. ಒಂದು ಎಳಿ ಸೈತ ಜಾರಿಲ್ಲಂತ, ಬಾಜೂ ಮನಿಯಾಕಿ ಇನ್ನೊಂದು ಹುಟ್ಟು ಒಯ್ದಾಳ.