ಆ ಹುಡುಗನಿಗೆ ಏನು ಮಾಡಿದೆ?

ನಾನು ಮುಂಬೈ ಹತ್ತಿರದ ವಸಾಯಿಗೆ ಬಂದು 19 ವರ್ಷ ಆಯ್ತು. ಇಲ್ಲಿ ಶನಿವಾರ ಸಂಜೆ ನಮ್ಮ ಕ್ಯಾಥೊಲಿಕ್ ಚರ್ಚಿನಲ್ಲಿ ಪಾಪನಿವೇದನೆಗೆ, ಅಂದರೆ ಗುರುಗಳ ಮುಂದೆ ತಪ್ಪು ಹೇಳಿಕೊಳ್ಳುವುದಕ್ಕೆ, ಸಾಲು ನಿಲ್ಲುತ್ತದೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಂತೂ ಸಾಲು ಬಾಗಿಲಾಚೆಗೂ ಬರುತ್ತದೆ. ಆಫೀಸಿನ ಗೆಳೆಯರು ಕೇಳುತ್ತಾರೆ: "ತಪ್ಪು ಮಾಡೋದು, ಫಾದರ್ ಕಿವಿಗೆ ಹಾಕೋದು, ಮುಗೀತು. ಸುಲಭ ಅಲ್ವಾ?"

ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ದಾವಣಗೆರೆ ಕಡೆ ಬೆಳೆದವರಿಗೆ ತಪ್ಪೊಪ್ಪಿಗೆ ಅಂದರೆ ನಾಲ್ಕು ಜನರ ಮುಂದೆ ಆಗುವ ಮಾತು. ಕಟ್ಟೆ ಮೇಲೆ ಹಿರಿಯರು ಕೂರುತ್ತಾರೆ. ತಪ್ಪು ಮಾಡಿದವನು ಕೈಮುಗಿದು "ತಪ್ಪಾಯ್ತು" ಅನ್ನಬೇಕು, ದಂಡ ಕಟ್ಟಬೇಕು. ಸಿರಿಗೆರೆ ಮಠದಲ್ಲಿ ಸೋಮವಾರ ನಡೆಯುವ ನ್ಯಾಯಪೀಠಕ್ಕೆ ನಮ್ಮ ಪಕ್ಕದ ಮನೆಯವರು ಹೊಲದ ಜಗಳ ಒಯ್ದಿದ್ದರು. ಎರಡೂ ಕಡೆಯವರು ಎದುರುಬದುರು ನಿಂತು ಮಾತಾಡಿದರಂತೆ. ನಮ್ಮ ಪಾಪನಿವೇದನೆ ಪೂರಾ ಗುಟ್ಟು. ಕೇಳಿದ್ದು ಕೊಲೆಯೇ ಆಗಿದ್ದರೂ ಗುರುಗಳು ಬಾಯಿ ಬಿಡುವಂತಿಲ್ಲ. ಬಿಟ್ಟರೆ ಅವರಿಗೇ ಬಹಿಷ್ಕಾರ.

ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕು ಅನ್ನುವುದು 1215ರ ಲ್ಯಾಟರನ್ ಮಹಾಸಭೆ ಮಾಡಿದ ನಿಯಮ. ನಾನು ತಪ್ಪಿಸಿದವನಲ್ಲ. ಸಿಟ್ಟು, ಸುಳ್ಳು ಎಲ್ಲ ಹೇಳುತ್ತಿದ್ದೆ. ಒಂದನ್ನು ಬಿಟ್ಟು.

16ನೇ ವಯಸ್ಸಿನಲ್ಲಿ, ಬೇಸಿಗೆ ರಜೆಗೆ, ಒಂದು ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಗಲ್ಲಾದಿಂದ 400 ರೂಪಾಯಿ ಎತ್ತಿದೆ. ಅನುಮಾನ ಹೋದದ್ದು ಇನ್ನೊಬ್ಬ ಹುಡುಗನ ಮೇಲೆ. ಅವನು ಕಾದ ಮರಳಲ್ಲಿ ಅಕ್ಕಿ ಹುರಿಯುತ್ತಿದ್ದ, ಮುಂಗೈ ತುಂಬ ಸುಟ್ಟ ಕಲೆ. ಆ ಕೈ ಹಿಡಿದೇ ಅವನನ್ನು ಹೊರಗೆ ದಬ್ಬಿದರು. ನಾನು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.

ಎರಡು ವರ್ಷದ ಹಿಂದೆ ಅದನ್ನೂ ಹೇಳಿದೆ. ಹತ್ತು ಸಲ ನಮೋ ಮರಿಯ ಪ್ರಾರ್ಥನೆ ಹೇಳು ಅಂತಾರೆ ಅಂದುಕೊಂಡಿದ್ದೆ. ಗುರುಗಳು ಕೇಳಿದ್ದು ಒಂದೇ: "ಆ ಹುಡುಗನಿಗೆ ಏನು ಮಾಡಿದೆ?"

ಚರ್ಚಿನ ಬೋಧನೆಯೇ ಅದು. ಪಾಪ ಕ್ಷಮೆಯಾಗಬಹುದು, ಅದು ಮಾಡಿದ ಹಾನಿ ತಾನಾಗಿ ಸರಿಹೋಗುವುದಿಲ್ಲ. ಕದ್ದದ್ದನ್ನು ಹಿಂದೆ ಕೊಡಬೇಕು, ಕೆಡಿಸಿದ ಹೆಸರನ್ನು ಕೈಲಾದಷ್ಟು ನೆಟ್ಟಗೆ ಮಾಡಬೇಕು. ಚಿಕ್ಕಂದಿನಲ್ಲೇ ಕಲಿತಿದ್ದೆ, ಕಿವಿಗೆ ಬಿದ್ದಿತ್ತು ಅಷ್ಟೇ.

ಕಟ್ಟೆ ಪಂಚಾಯ್ತಿಯನ್ನು ನಾನು ಹಗುರ ಮಾಡುವುದಿಲ್ಲ. ತಪ್ಪು ಮಾಡಿದವನು, ಅದರಿಂದ ನೊಂದವನು ಮುಖ ನೋಡಿ ಮಾತಾಡುವುದು ದೊಡ್ಡದು. ಆದರೆ ಕಟ್ಟೆ ಕರೆಯುವುದು ಸಿಕ್ಕಿಬಿದ್ದವರನ್ನು. ನನ್ನ ಮೇಲೆ ಯಾರಿಗೂ ಅನುಮಾನವೇ ಇರಲಿಲ್ಲ. ಪಾಪನಿವೇದನೆಯ ಆ ಕತ್ತಲ ಗೂಡಿನಲ್ಲಿ ನನ್ನ ಮೇಲೆ ದೂರು ಕೊಡಬೇಕಾದವನು ನಾನೇ. ಹೊಣೆ ಅನ್ನುವುದು ನನಗೆ ತಿಳಿದದ್ದು ಅಲ್ಲಿ.

ಊರಿಗೆ ಹೊರಟಾಗ ದಾರಿಯುದ್ದಕ್ಕೂ ಸಿಸ್ಟರ್ ರಾಣಿ ಮರಿಯ ನೆನಪು. 1995ರಲ್ಲಿ ಮಧ್ಯಪ್ರದೇಶದಲ್ಲಿ ಅವರನ್ನು ಕೊಂದವನಿಗೆ ಅವರ ತಂಗಿಯೇ ಜೈಲಿಗೆ ಹೋಗಿ ರಾಖಿ ಕಟ್ಟಿದರು. ಕಟ್ಟಿದ ಕೈಯನ್ನು ಎಲ್ಲರೂ ಹೊಗಳುತ್ತಾರೆ. ಅವತ್ತು ನನ್ನ ಕಣ್ಣ ಮುಂದಿದ್ದದ್ದು ಚಾಚಿದ ಕೈ.

ಭಟ್ಟಿಯ ಆ ಹುಡುಗ ಈಗ ಮಿರ್ಚಿ ಮಂಡಕ್ಕಿ ಗಾಡಿ ಇಟ್ಟಿದ್ದಾನೆ. ಎಲ್ಲ ಹೇಳಿದೆ. ಎಣ್ಣೆಯಲ್ಲಿದ್ದ ಮಿರ್ಚಿ ಕರಕಲಾಗುವವರೆಗೂ ಅವನು ಜಾಲರಿ ಸೌಟು ಹಿಡಿದು ಸುಮ್ನೆ ನಿಂತಿದ್ದ. ದುಡ್ಡು ಮುಟ್ಟಲಿಲ್ಲ.

"ನಿನ್ ಮೇಲೆ ಸಿಟ್ಟಿಲ್ಲ ಕಣಲೇ. ನಮ್ಮಪ್ಪ ಇದ್ದಾಗ ಬಂದು ಹೇಳ್ಬೇಕಿತ್ತು. ಮಗ ಕಳ್ಳ ಅಂದ್ಕೊಂಡೇ ಹೋದ."

ಅವನ ತಾಯಿ ಇದ್ದಾರೆ. ರಾತ್ರಿ ಗಾಡಿ ಮುಚ್ಚಿದ ಮೇಲೆ ಅವನ ಜೊತೆ ಮನೆಗೆ ಹೋಗಿ, ಅವರ ಮುಂದೆ ಕೂತು, ಮೊದಲಿನಿಂದ ಹೇಳಿದೆ. ಬೆಳಿಗ್ಗೆ ಭಟ್ಟಿ ಮಾಲೀಕರ ಮನೆ ಬಾಗಿಲು ತಟ್ಟಿದೆ.